ಕೊಡಗಿನ ಮಳೆಗೆ ತಯಾರಾದ ಹಳೇ ಥಂಡರ್‌ಬರ್ಡ್

ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350, 2013ರ ಮಾಡೆಲ್. ಕೆಎ-12 ನಂಬರ್, ಕಪ್ಪು ಬಣ್ಣ. ಮೂರ್ನಾಡು ಹತ್ತಿರದ ಒಂದು ಕಾಫಿ ತೋಟದ ಗೋದಾಮಿನಲ್ಲಿ ಕೆಲವು ಮಳೆಗಾಲ ಕಳೆದಿತ್ತು. ಒಂದು ಪಕ್ಕದಲ್ಲಿ ಪೊಟ್ಯಾಷ್ ಚೀಲಗಳು. ಇನ್ನೊಂದು ಪಕ್ಕದಲ್ಲಿ ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ. ಬೈಕ್ ಮೇಲೆ ಒಂದು ಹಳೇ ಟಾರ್ಪಾಲು. ಬೈಕ್ ನಿಲ್ಲಿಸಲು ಇದಕ್ಕಿಂತ ಕೆಟ್ಟ ಜಾಗ ಕೊಡಗಿನಲ್ಲಿ ಇರಲಿಕ್ಕಿಲ್ಲ.

ಯಾಕೆ ಅಂತ ಹೇಳುತ್ತೇನೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಬಗೆಯ ಉಪ್ಪು. ಮಳೆಗಾಲದಲ್ಲಿ ಅದರ ಧೂಳು ಗಾಳಿಯ ತೇವವನ್ನು ಎಳೆದುಕೊಂಡು ಕೂತಲ್ಲೇ ಉಪ್ಪುನೀರಾಗುತ್ತದೆ. ಕ್ರೋಮ್, ಅಲ್ಯೂಮಿನಿಯಂ ಎರಡರಲ್ಲೂ ಸಣ್ಣ ಸಣ್ಣ ಗುಂಡಿ ಕೊರೆಯುತ್ತದೆ. ಮೈಲುತುತ್ತ ತಾಮ್ರದ ಸಲ್ಫೇಟ್. ಅದರ ನೀರು ಬಣ್ಣ ಹೋದ ಕಬ್ಬಿಣಕ್ಕೆ ತಾಗಿದರೆ ತಾಮ್ರ ಮೇಲೆ ಕೂತುಕೊಳ್ಳುತ್ತದೆ, ಅಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಈ ಬೈಕಿನ ಹಿಂದಿನ ಚಕ್ರದ ಕೆಲವು ಸ್ಪೋಕ್ ಕಡ್ಡಿಗಳ ಮೇಲೆ ಕೆಂಪು ತಾಮ್ರದ ಲೇಪ ಕಣ್ಣಿಗೆ ಕಾಣುವಷ್ಟು ಇತ್ತು. ಎಂಜಿನ್ ಕವರ್ ಮೇಲೆ ನೀಲಿ-ಹಸಿರು ಕಲೆ.

ಆದರೂ ತೆಗೆದುಕೊಂಡೆ. ಕಿಕ್ಕರ್ ಒತ್ತಿದಾಗ ಎಂಜಿನ್ ಸರಾಗವಾಗಿ ತಿರುಗಿತು, ಕಂಪ್ರೆಷನ್ ಕಾಲಿಗೆ ಚೆನ್ನಾಗಿ ಸಿಕ್ಕಿತು. ಒಬ್ಬರೇ ಮಾಲೀಕರು. ಆರ್‌ಸಿಯಲ್ಲಿದ್ದ ಚಾಸಿಸ್ ನಂಬರ್ ಫ್ರೇಮಿನ ಮೇಲಿನದಕ್ಕೆ ಸರಿಯಾಗಿ ಹೊಂದಿತು. ಬ್ಯಾಂಕಿನ ಸಾಲ ತೀರಿದ ದಾಖಲೆಯೂ ಇತ್ತು. ಜೊತೆಗೆ ಈ ಗಾಡಿಯ ಲೆಕ್ಕಾಚಾರವೇ ನನಗೆ ಇಷ್ಟ. 70 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), 90 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ), ಒಟ್ಟು 346 ಸಿಸಿ. ಉದ್ದ ಸ್ಟ್ರೋಕ್ ಆದ್ದರಿಂದ ಕಡಿಮೆ ವೇಗದಲ್ಲೇ ಎಳೆತ ಸಿಗುತ್ತದೆ. ಘಾಟಿಯಲ್ಲಿ ಗೇರ್ ಬದಲಾಯಿಸುತ್ತಾ ಕೂರಬೇಕಾಗಿಲ್ಲ. 2012ರಲ್ಲಿ ಬಂದ ಈ ರೂಪಕ್ಕೆ 20 ಲೀಟರ್ ಟ್ಯಾಂಕ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ದೂರ ಹೋಗಲು ಬೇಕಾದ ಮೂಲ ಸಾಮಾನು ಕಂಪನಿಯಿಂದಲೇ ಬಂದಿದೆ.

ನನ್ನ ಗುರಿ ಒಂದೇ ಇತ್ತು. ಜುಲೈ ತಿಂಗಳಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಅಥವಾ ವಿರಾಜಪೇಟೆ ದಾಟಿ ಮಾಕುಟ್ಟದ ಕಾಡಿನಲ್ಲಿ ಕೇರಳಕ್ಕೆ ಇಳಿಯಬೇಕು. ನಡುದಾರಿಯಲ್ಲಿ ನಿಲ್ಲದೆ ವಾಪಸ್ ಬರಬೇಕು. ಹಾಗಾಗಿ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ನೀರು ಎಲ್ಲಿಂದ ಒಳಗೆ ಹೋಗುತ್ತದೆ, ಎಲ್ಲಿಂದ ಹೊರಗೆ ಬರುತ್ತದೆ? ಅಂದ ಚಂದ ಎಲ್ಲ ಆಮೇಲೆ.

ಈ ವಿಷಯದಲ್ಲಿ ನನಗೆ ಗುರು ಅಂದರೆ ನಮ್ಮ ಚಿಕ್ಕಪ್ಪ. ಸೈನ್ಯದ ಇಎಂಇ ವಿಭಾಗದಲ್ಲಿ ಗಾಡಿ ರಿಪೇರಿ ಮಾಡಿ ನಿವೃತ್ತರಾದವರು. ನಾನು ಮೊದಲ ದಿನವೇ ಬಣ್ಣದ ಮಾತು ತೆಗೆದೆ.

“ಬಣ್ಣ ಎಲ್ಲಿಗೂ ಓಡಿ ಹೋಗುದಿಲ್ಲ ಮಗ. ಮೊದ್ಲು ಅರ್ಥ್ ವೈರ್ ಎಲ್ಲೆಲ್ಲಿ ಉಂಟು ನೋಡು” ಅಂದರು.

ತೊಳೆಯುವುದು, ಬಿಚ್ಚುವುದು

ಬೈಕ್ ಮನೆಗೆ ಬಂದದ್ದು ಆಟಿ (ಜುಲೈ-ಆಗಸ್ಟ್) ಮಳೆಯಲ್ಲಿ. ತೋಟದಲ್ಲಿ ಕೆಲಸ ಕಡಿಮೆ ಇರುವ ಕಾಲ. ಜೀಪ್ ಶೆಡ್ಡಿನ ಅರ್ಧ ಜಾಗ ಸಿಕ್ಕಿತು.

ಪಾನಾ ಮುಟ್ಟುವ ಮುಂಚೆ ತೊಳೆಯಬೇಕು. ಉಪ್ಪನ್ನು ಕರಗಿಸಿ ಹೊರಗೆ ಹಾಕದೆ ಏನು ಬಳಿದರೂ ಅಡಿಯಲ್ಲಿ ತುಕ್ಕು ಮುಂದುವರಿಯುತ್ತದೆ. ಅಡುಗೆ ಸೋಡಾ ಹಾಕಿ ತೊಳಿ ಅಂತ ಕೆಲವರು ಹೇಳಿದರು. ಬ್ಯಾಟರಿ ಆಸಿಡ್ ಚೆಲ್ಲಿದ ಜಾಗಕ್ಕೆ ಸೋಡಾ ಸರಿ. ಪೊಟ್ಯಾಷ್ ಆಸಿಡ್ ಅಲ್ಲ, ಉಪ್ಪು. ಅದಕ್ಕೆ ನೀರೇ ಮದ್ದು. ಸೋಪು ನೀರಿನಲ್ಲಿ ಒಮ್ಮೆ, ಆಮೇಲೆ ಬರೀ ನೀರಿನಲ್ಲಿ ಮತ್ತೆ ಮತ್ತೆ. ಒತ್ತಡದ ಪೈಪನ್ನು ಬೇರಿಂಗ್, ಕಾರ್ಬುರೇಟರ್, ಮೀಟರ್ ಕಡೆಗೆ ನೇರ ಹಿಡಿಯಬಾರದು. ಆ ಜಾಗಕ್ಕೆ ಬ್ರಷ್ ಸಾಕು.

ಮುಂದಿನ ಕೆಲಸ ಬೋಲ್ಟ್ ಬಿಡಿಸುವುದು. ಇಲ್ಲಿ ತಾಳ್ಮೆ ಬೇಕು. ಅಲ್ಯೂಮಿನಿಯಂ ಒಳಗೆ ಕೂತ ಸ್ಟೀಲ್ ಬೋಲ್ಟ್ ತುಕ್ಕು ಹಿಡಿದು ಉಬ್ಬಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆ. ಮರುದಿನ ಮತ್ತೆ ಹಾಕಿದೆ. ಆಮೇಲೆ ಬೋಲ್ಟ್ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಪೆಟ್ಟು. ಬಿಡಿಸುವ ಕಡೆಗೆ ಮಾತ್ರ ಒತ್ತದೆ, ಸ್ವಲ್ಪ ಬಿಗಿ ಸ್ವಲ್ಪ ಸಡಿಲ ಅಂತ ಹಿಂದೆ ಮುಂದೆ ಆಡಿಸಿದರೆ ತಿರುಪಿನ ಗೆರೆಗಳ ಒಳಗಿನ ತುಕ್ಕು ಪುಡಿಯಾಗುತ್ತದೆ. ಕ್ರ್ಯಾಂಕ್ ಕೇಸ್ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಸೈಲೆನ್ಸರ್ ಪೈಪಿನ ಸ್ಟಡ್ಡುಗಳಿಗೆ ಗ್ಯಾಸ್ ಟಾರ್ಚ್ ಬಿಸಿ ಕೊಟ್ಟು ಬಿಡಿಸಿದೆ. ಅದಕ್ಕೂ ಮೊದಲು ಟ್ಯಾಂಕ್, ಪೆಟ್ರೋಲ್ ಪೈಪ್ ಎಲ್ಲ ಶೆಡ್ಡಿನಿಂದ ಹೊರಗೆ ಸಾಗಿಸಿದ್ದೆ.

ಪ್ರತಿ ಭಾಗ ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆದೆ. ವೈರ್ ಯಾವ ಕಡೆಯಿಂದ ಹಾದು ಹೋಗಿದೆ ಎನ್ನುವುದು ತಿಂಗಳು ಕಳೆದರೆ ಯಾರಿಗೂ ನೆನಪಿರುವುದಿಲ್ಲ.

ಎಂಜಿನ್ ಫ್ರೇಮಿನಿಂದ ಇಳಿಸಿದೆ, ಒಳಗೆ ಬಿಚ್ಚಲಿಲ್ಲ. ಇದು ನಾನು ಯೋಚಿಸಿ ತೆಗೆದುಕೊಂಡ ತೀರ್ಮಾನ. ಕಂಪ್ರೆಷನ್ ಇದೆ, ಅಸಹಜ ಶಬ್ದ ಇಲ್ಲ, ಆಯಿಲ್‌ನಲ್ಲಿ ಲೋಹದ ಪುಡಿ ಇಲ್ಲ ಅಂದಮೇಲೆ ಸುಮ್ನೆ ಹೆಡ್ ಎತ್ತುವುದು ಬೇಡ. ಆದರೆ ಬಸಿದ ಆಯಿಲ್ ನೋಡಿ ಮನಸ್ಸಿಗೆ ಕಷ್ಟವಾಯಿತು. ಕಾಫಿಗೆ ಹಾಲು ಬೆರೆಸಿದ ಬಣ್ಣ. ನಿಂತ ಎಂಜಿನ್ನಿನೊಳಗೆ ತೇವ ತಣಿದು ನೀರಾಗಿ ಆಯಿಲ್ ಜೊತೆ ಸೇರಿದ್ದು. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟೆ. ಈ ಎಂಜಿನ್ನಿಗೆ ಎರಡು ಪ್ಲಗ್ ಇವೆ, ಎರಡೂ ಹೊಸದು ತಂದೆ. ಇಗ್ನಿಷನ್ ಆಫ್ ಇಟ್ಟು ಕಿಕ್ಕರನ್ನು ಕೈಯಲ್ಲೇ ನಿಧಾನ ತಿರುಗಿಸಿದೆ. ಹಳೇ ಆಯಿಲ್ ಪೂರ್ತಿ ಬಸಿದು, ಆಯಿಲ್ ಫಿಲ್ಟರ್ ಬದಲಾಯಿಸಿ, ಜಾಲರಿ ತೊಳೆದೆ. ಇಳಿಸುವ ಕೆಲಸ ಮಾತ್ರ ಒಬ್ಬರ ಕೈಲಿ ಆಗುವುದಲ್ಲ. ಈ ಫ್ರೇಮಿನಲ್ಲಿ ಎಂಜಿನ್ ಕೂಡ ಭಾರ ಹೊರುವ ಒಂದು ಅಂಗ. ಅದನ್ನು ತೆಗೆದರೆ ಫ್ರೇಮಿಗೆ ಕೆಳಗಿನಿಂದ ಆಧಾರ ಬೇಕು. ಶೆಡ್ಡಿನ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಫ್ರೇಮ್ ಹಿಡಿದು, ಎಂಜಿನ್ನನ್ನು ಮರದ ಸ್ಟ್ಯಾಂಡಿನ ಮೇಲೆ ಕೂರಿಸಿದೆವು.

ಟ್ಯಾಂಕ್

ಹಳೇ ಬೈಕ್ ಕೊಳ್ಳುವವರು ಟ್ಯಾಂಕಿನ ಹೊರಗಿನ ಹೊಳಪು ನೋಡುತ್ತಾರೆ. ಮುಚ್ಚಳ ತೆಗೆದು ಟಾರ್ಚ್ ಹಾಕಿ ಒಳಗೆ ನೋಡುವವರು ಕಡಿಮೆ. ಈ ಟ್ಯಾಂಕಿನ ಮೇಲ್ಭಾಗದ ಒಳಗೋಡೆ ಪೂರ್ತಿ ಕೆಂಪಗಿತ್ತು. ತುಕ್ಕಿನ ಪುಡಿ ಪೆಟ್ರೋಲ್ ಜೊತೆ ಇಳಿದು ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಸುತ್ತದೆ. ಘಾಟಿಯಲ್ಲಿ ಎಂಜಿನ್ ಮಿಸ್ ಹೊಡೆಯುವ ಎಷ್ಟೋ ಪ್ರಸಂಗಗಳ ಮೂಲ ಇದೇ.

ನಾನು ಮಾಡಿದ್ದು ವಾಷಿಂಗ್ ಸೋಡಾ ಮತ್ತು ಕರೆಂಟಿನ ವಿಧಾನ. ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್, ಮಟ್ಟ ತೋರಿಸುವ ಸೆನ್ಸರ್ ಎರಡನ್ನೂ ಬಿಚ್ಚಿ ರಬ್ಬರ್ ತುಂಡಿನಿಂದ ಮುಚ್ಚಿದೆ. ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಸೋಪು ನೀರಿನಲ್ಲಿ ತೊಳೆದೆ. ಇದನ್ನು ಅರೆಮನಸ್ಸಿನಿಂದ ಮಾಡಬೇಡಿ, ಒಳಗೆ ಆವಿ ಉಳಿದರೆ ಒಂದು ಕಿಡಿ ಸಾಕು. ಆಮೇಲೆ ಟ್ಯಾಂಕ್ ತುಂಬ ನೀರು. ನಾಲ್ಕೈದು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ ಕರಗಿಸಿದೆ. ಮುಚ್ಚಳದ ಬಾಯಿಯಿಂದ ಒಂದು ಮಾಮೂಲಿ ಕಬ್ಬಿಣದ ಸರಳನ್ನು ಇಳಿಬಿಟ್ಟೆ. ಸರಳು ಟ್ಯಾಂಕಿಗೆ ಎಲ್ಲೂ ತಾಗಬಾರದು. 12 ವೋಲ್ಟ್ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ತಿರುಗಾ ಮುರುಗಾ ಆದರೆ ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸರಳು ಮಾತ್ರ ಬೇಡ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಗುಳ್ಳೆ ಗುಳ್ಳೆಯಾಗಿ ಏಳುವುದು ಹೈಡ್ರೋಜನ್. ಅದಕ್ಕೆ ಈ ಕೆಲಸ ಶೆಡ್ಡಿನ ಹೊರಗಿನ ಮಾಡಿನಡಿ ಮಾಡಿದೆ. ಚಾರ್ಜರ್ ಆಫ್ ಮಾಡದೆ ಕ್ಲಿಪ್ ಮುಟ್ಟಲಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಮಾಮೂಲು. ಈ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ಬಂದಾಗ ಮತ್ತೆ ಶುರುವಾಗುತ್ತದೆ, ಅಷ್ಟೆ. ಸರಳಿನ ಮೇಲೆ ಕೆಸರು ಕಟ್ಟಿದಾಗೆಲ್ಲ ತೆಗೆದು ಉಜ್ಜಿ ಮತ್ತೆ ಇಳಿಸಿದೆ. ಕೊನೆಗೆ ಒಳಗೋಡೆ ಕಪ್ಪು-ಬೂದು ಬಣ್ಣಕ್ಕೆ ಬಂತು. ಕೆಂಪು ಎಲ್ಲೂ ಇಲ್ಲ.

ಇಲ್ಲಿಂದ ಮುಂದೆ ಕೈ ಚುರುಕಾಗಿ ಓಡಬೇಕು. ತೊಳೆದ ಬರಿಗಬ್ಬಿಣ ಮಡಿಕೇರಿ ಗಾಳಿಯಲ್ಲಿ ನೋಡ ನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ನೀರು ಚೆಲ್ಲಿದ ಕೂಡಲೇ ಬ್ಲೋವರ್ ಹಿಡಿದು ಒಳಗೆ ಬಿಸಿಗಾಳಿ ಬಿಟ್ಟೆ. ಪೂರ್ತಿ ಒಣಗಿ ತಣ್ಣಗಾದ ಮೇಲೆ ಪೆಟ್ರೋಲಿಗೆ ಟೂ-ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಜಾಸ್ತಿ ಬೆರೆಸಿ, ಒಳಗೆಲ್ಲ ಹರಡುವಂತೆ ತಿರುಗಿಸಿ ಇಟ್ಟೆ. ಒಳಗೆ ಕೋಟಿಂಗ್ ಹಾಕಿಸಲಿಲ್ಲ. ಕೋಟಿಂಗ್ ಸರಿಯಾಗಿ ಕೂರದಿದ್ದರೆ ಎಥನಾಲ್ ಅದನ್ನು ಸುಲಿದು ಹಾಕುತ್ತದೆ. ಆ ಸಿಪ್ಪೆ ತುಕ್ಕಿಗಿಂತ ದೊಡ್ಡ ತಲೆನೋವು.

ಎಥನಾಲ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. 2013ರ ಬೈಕಿನ ರಬ್ಬರ್ ಭಾಗಗಳನ್ನು ಇದನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಎಥನಾಲ್ ತೇವ ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತವೆ. ಪೆಟ್ರೋಲ್ ಪೈಪನ್ನು ಎಥನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸಿದೆ. ಕಾಕ್ ಮತ್ತು ಕಾರ್ಬುರೇಟರಿನ ಓ-ರಿಂಗ್‌ಗಳೂ ಹೊಸದು. ಬೈಕ್ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಒಣಗಿಸಿ ಎಣ್ಣೆ ಹಾಯಿಸಿ ಇಡುತ್ತೇನೆ. ಓಡುತ್ತಾ ಇದ್ದರೆ ತುಂಬಿಸಿಯೇ ಇಡುತ್ತೇನೆ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ತೇವ ಕಡಿಮೆ.

ಕಾರ್ಬುರೇಟರ್ ಯೂಕಾಲ್ ಬಿಎಸ್29. ವ್ಯಾಕ್ಯೂಮಿನಲ್ಲಿ ಏರಿಳಿಯುವ ಸ್ಲೈಡ್ ಇರುವ ಜಾತಿ. ಅದರ ರಬ್ಬರ್ ಡಯಾಫ್ರಾಮನ್ನು ಬೆಳಕಿಗೆ ಹಿಡಿದು ನೋಡಬೇಕು. ಸೂಜಿ ತೂತು ಇದ್ದರೂ ಏರಿನಲ್ಲಿ ಎಳೆತ ಬರುವುದಿಲ್ಲ. ನನ್ನದು ಸರಿಯಿತ್ತು. ಕ್ಲೀನರ್ ಸ್ಪ್ರೇ ಈ ರಬ್ಬರಿಗೆ ತಾಗಿಸಲಿಲ್ಲ. ಪೈಲಟ್ ಜೆಟ್ ಕಟ್ಟಿತ್ತು. ಸ್ಟೀಲ್ ತಂತಿ ಹಾಕಿದರೆ ಜೆಟ್ಟಿನ ತೂತು ದೊಡ್ಡದಾಗುತ್ತದೆ. ವೈರಿನೊಳಗಿನ ತಾಮ್ರದ ಒಂದೇ ಎಳೆ ತೆಗೆದು ಹಾಯಿಸಿದೆ.

ಫ್ರೇಮ್, ಬೇರಿಂಗ್, ಬ್ರೇಕ್

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನೋಡಲು ಚೆಂದ, ಗಟ್ಟಿಯೂ ಹೌದು. ಆದರೆ ಒಂದು ಕಲ್ಲು ಬಡಿದು ಬಿರುಕು ಬಿಟ್ಟರೆ ನೀರು ಕೋಟಿಂಗಿನ ಅಡಿಗೆ ಹರಿದು ಕಾಣದಂತೆ ತಿನ್ನುತ್ತಾ ಹೋಗುತ್ತದೆ. ಮನೆಯಲ್ಲಿ ತೇಪೆ ಹಾಕಲೂ ಆಗುವುದಿಲ್ಲ. ನಮ್ಮ ಮಳೆಗೆ ನನ್ನ ಆಯ್ಕೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಗೀರು ಬಿದ್ದರೆ ಬ್ರಷ್ ಹಿಡಿದು ನಾನೇ ಮುಚ್ಚಬಹುದು.

ಗ್ರೈಂಡರಿಗೆ ವೈರ್ ಬ್ರಷ್ ಕಟ್ಟಿ ತುಕ್ಕು ತೆಗೆದೆ. ಮೂಲೆಗಳಿಗೆ ಉಪ್ಪುಕಾಗದ. ಬ್ರಷ್ ಹೋಗದ ಗುಂಡಿಗಳಲ್ಲಿ ಮಾತ್ರ ರಸ್ಟ್ ಕನ್ವರ್ಟರ್ ಹಚ್ಚಿದೆ. ಬಣ್ಣ ಹೊಡೆಸುವ ಕೆಲಸ ಮನೆಯಲ್ಲಿ ಮಾಡಲಿಲ್ಲ. ಎರಡು ಕಾರಣ. ತೇವದ ಗಾಳಿಯಲ್ಲಿ ಹೊಡೆದರೆ ಬಣ್ಣದ ಮೇಲೆ ಬಿಳಿ ಮಬ್ಬು ಬರುತ್ತದೆ. ಎರಡನೆಯದು, ಪಿಯು ಬಣ್ಣದ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ತೀರ್ಥೋದ್ಭವ ಕಳೆದು ಅಕ್ಟೋಬರ್ ಕೊನೆಯಲ್ಲಿ ಫ್ರೇಮ್, ಟ್ಯಾಂಕ್, ಮಡ್‌ಗಾರ್ಡ್ ಎಲ್ಲ ಜೀಪಿಗೆ ಹಾಕಿ ಕುಶಾಲನಗರಕ್ಕೆ ಒಯ್ದೆ. ಮಡಿಕೇರಿಗಿಂತ ಅಲ್ಲಿ ಗಾಳಿ ಒಣ. ಬಣ್ಣ ಮೊದಲಿದ್ದ ಕಪ್ಪೇ. ಬದಲಾಯಿಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. ಚಾಸಿಸ್ ನಂಬರ್ ಮೇಲೆ ತೆಳು ಪದರ ಮಾತ್ರ, ಅಕ್ಷರ ಓದಲು ಬರಬೇಕು ಅಂತ ಹೇಳಿ ಬಂದೆ. ಬಣ್ಣ ಒಣಗಿದ ಮೇಲೆ ಫ್ರೇಮಿನ ಕೊಳವೆಗಳ ಒಳಗೆ ವ್ಯಾಕ್ಸ್ ಸ್ಪ್ರೇ ಬಿಟ್ಟೆ. ತುಕ್ಕು ಒಳಗಿನಿಂದಲೂ ಬರುತ್ತದೆ ಅಲ್ವಾ.

ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್, ಅಂದರೆ ಕೋನ್ ಸೆಟ್, ಪೂರ್ತಿ ಹೋಗಿತ್ತು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದರೆ ನಡುವೆ ಒಂದು ಕಡೆ ಕಟ್ ಅಂತ ಕೂರುತ್ತಿತ್ತು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತು, ತೇವ ಸೇರಿ, ಬೇರಿಂಗ್ ಓಡುವ ದಾರಿಯಲ್ಲಿ ಗುಂಡಿ ಬಿದ್ದಿದ್ದು. ಹೊಸದು ಹಾಕಿ ಗ್ರೀಸ್ ಧಾರಾಳವಾಗಿ ತುಂಬಿದೆ. ಬಿಗಿ ಎಷ್ಟಿರಬೇಕು? ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದರೆ ಆಟ ಇರಬಾರದು. ಹ್ಯಾಂಡಲ್ ಬಿಟ್ಟರೆ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ವಾಲಬೇಕು.

ಚಕ್ರದ ಬೇರಿಂಗ್ ಕೊಳ್ಳುವಾಗ ನಂಬರಿನ ಕೊನೆಯ ಅಕ್ಷರ ನೋಡಿ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ಅಂಗಡಿಯಲ್ಲಿ ಎರಡಕ್ಕೂ ದರದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ.

ಸ್ಪೋಕ್ ಕಡ್ಡಿಗಳನ್ನು ಪೂರ್ತಿ ಹೊಸದು ಹಾಕಿಸಿ ರಿಮ್ಮಿನ ಬೆಂಡ್ ತೆಗೆಸಿದೆ. ಟೈರಿನಲ್ಲಿ ಗ್ರಿಪ್ ಚೆನ್ನಾಗಿಯೇ ಉಳಿದಿತ್ತು. ಆದರೆ ಪಕ್ಕದಲ್ಲಿ ಅಚ್ಚು ಹಾಕಿದ ನಾಲ್ಕು ಅಂಕಿ ನೋಡಿದರೆ ತುಂಬ ಹಳತು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಒಣಗಿ ಗಟ್ಟಿಯಾದ ರಬ್ಬರ್ ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುವುದಿಲ್ಲ. ಮುಂದೆ 90/90-19, ಹಿಂದೆ 120/80-18, ಕಂಪನಿ ಅಳತೆಯೇ ಹಾಕಿದೆ. ಅಗಲ ಟೈರ್ ಹಾಕುವ ಆಸೆ ಕೆಲವರಿಗೆ ಇರುತ್ತದೆ. ಸ್ವಿಂಗ್ ಆರ್ಮಿಗೆ ತಾಗುವಷ್ಟು ಹತ್ತಿರ ಬಂದರೆ ಕೆಸರು ಸಿಕ್ಕಿಹಾಕಿಕೊಳ್ಳುತ್ತದೆ, ನಮ್ಮ ತೋಟದ ದಾರಿಗೆ ಅದು ಹೇಳಿದ್ದಲ್ಲ.

ಫೋರ್ಕಿನ 41 ಮಿಲಿಮೀಟರ್ ಕೊಳವೆಗಳ ಮೇಲ್ಭಾಗದಲ್ಲಿ ತುಕ್ಕಿನ ಚುಕ್ಕೆ ಇತ್ತು. ಆಯಿಲ್ ಸೀಲ್ ಓಡಾಡುವ ಜಾಗದಲ್ಲಿ ಇರಲಿಲ್ಲ. ಹಾಗಾಗಿ ನಯವಾದ ಕಾಗದದಿಂದ ಉಜ್ಜಿ, ಗುಂಡಿಗೆ ಎಪಾಕ್ಸಿ ತುಂಬಿ ಸಮ ಮಾಡಿದರೆ ಸಾಕಾಯಿತು. ಸೀಲ್ ಓಡುವ ಜಾಗದಲ್ಲೇ ಗುಂಡಿ ಇದ್ದರೆ ಹೊಸ ಕೊಳವೆ ಅಥವಾ ಹಾರ್ಡ್ ಕ್ರೋಮ್ ಬಿಟ್ಟು ಬೇರೆ ದಾರಿ ಇಲ್ಲ. ಹೊಸ ಸೀಲ್, ಹೊಸ ಆಯಿಲ್. ಮೇಲೆ ರಬ್ಬರ್ ಬೆಲ್ಲೋಸ್ ತೊಡಿಸಿದೆ. ಹಳೇ ಕಾಲದ ಬುಲೆಟ್ ನೋಟವೂ ಬಂತು, ಕೆಸರು ಸೀಲಿಗೆ ಮುಟ್ಟುವುದೂ ತಪ್ಪಿತು.

ಬ್ರೇಕ್ ಎಣ್ಣೆ ಡಾಟ್ 4. ಇದೂ ತೇವ ಎಳೆದುಕೊಳ್ಳುವ ವಸ್ತುವೇ. ತೇವ ಸೇರಿದರೆ ಅದರ ಕುದಿಬಿಂದು ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾದಾಗ ಒಳಗೆ ಆವಿ ಹುಟ್ಟಿ ಲಿವರ್ ಕೈಗೇ ಬಂದುಬಿಡುತ್ತದೆ. ಘಾಟಿ ಇಳಿಯುವ ಗಾಡಿಗೆ ಇದರಲ್ಲಿ ರಾಜಿ ಇಲ್ಲ. ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ತೊಳೆದು, ಸೀಲ್ ಕಿಟ್ ಹೊಸದು ಹಾಕಿದೆ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್. ಗಾಳಿ ತೆಗೆದ ಮೇಲೆ ಲಿವರನ್ನು ಹ್ಯಾಂಡಲಿಗೆ ಒತ್ತಿ ಕಟ್ಟಿ ರಾತ್ರಿ ಬಿಟ್ಟೆ. ಉಳಿದ ಸಣ್ಣ ಗುಳ್ಳೆಗಳು ಮೇಲೆ ಬಂದವು. ಬೆಳಿಗ್ಗೆ ಲಿವರ್ ಕಲ್ಲು.

ವೈರಿಂಗ್

ನನ್ನ ಪ್ರಕಾರ ಹಳೇ ಗಾಡಿಯ ರಿಪೇರಿಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ನಾನೂ ಕೊಟ್ಟೆ. ಹಿಂದೆ ಯಾರೋ ಹಾರ್ನ್, ಲೈಟ್ ಅಂತ ಹಾಕುವಾಗ ವೈರ್ ಸುಲಿದು, ತಿರುಚಿ, ಟೇಪ್ ಸುತ್ತಿದ್ದರು. ನಮ್ಮ ತೇವದಲ್ಲಿ ಇನ್ಸುಲೇಷನ್ ಟೇಪ್ ಅಂಟು ಬಿಟ್ಟು ಜಾರುತ್ತದೆ. ಒಳಗೆ ನೀರು ಹೊಕ್ಕರೆ ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಕೆಲವು ಕಡೆ ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಂತಿ ಒಂದೆರಡು ಎಳೆ ಮಾತ್ರ ಉಳಿದಿತ್ತು.

ಅಂಥ ತುಂಡುಗಳನ್ನೆಲ್ಲ ಕತ್ತರಿಸಿ, ಅದೇ ಬಣ್ಣದ ಹೊಸ ವೈರ್ ಜೋಡಿಸಿದೆ. ಕ್ರಿಂಪ್ ಮಾಡಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ತೋಳು ಹಾಕಿ ಬಿಸಿ ಕೊಟ್ಟರೆ ಅದು ಕುಗ್ಗಿ ನೀರು ಹೋಗದಂತೆ ಹಿಡಿಯುತ್ತದೆ. ಪ್ರತಿ ಕನೆಕ್ಟರನ್ನೂ ತೆಗೆದು ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿದೆ. ಕನೆಕ್ಟರುಗಳ ಬಾಯಿ ಕೆಳಮುಖವಾಗಿರುವಂತೆ ಕಟ್ಟಿದೆ. ವೈರ್ ಕನೆಕ್ಟರಿಗೆ ಸೇರುವ ಮೊದಲು ಸ್ವಲ್ಪ ಕೆಳಗೆ ಜೋತು ಮತ್ತೆ ಮೇಲೇರಬೇಕು. ಆಗ ವೈರ್ ಗುಂಟ ಹರಿದ ನೀರು ಆ ಜೋತಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಆಮೇಲೆ ಚಿಕ್ಕಪ್ಪ ಹೇಳಿದ ಅರ್ಥ್, ಅಂದರೆ ಬ್ಯಾಟರಿ ಮೈನಸ್ಸನ್ನು ಫ್ರೇಮಿಗೆ ಸೇರಿಸುವ ವೈರ್. ಹೊಸ ಬಣ್ಣ ಹೊಡೆದ ಫ್ರೇಮಿನಲ್ಲಿ ಅರ್ಥ್ ಕೂರುವ ಜಾಗದ ಬಣ್ಣ ಕೆರೆಯಲೇಬೇಕು. ಕೆರೆದು, ವೈರ್ ಬಿಗಿದು, ಮೇಲಿಂದ ಗ್ರೀಸ್ ಮೆತ್ತಬೇಕು. ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಫ್ರೇಮಿನ ಬರಿಲೋಹಕ್ಕೆ. ಹಾರ್ನ್ ಒತ್ತಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿ ಇಲ್ಲ.

“ಮಂಜಿನಲ್ಲಿ ಹಾರ್ನೇ ಕಣ್ಣು. ಅದು ಅರ್ಧ ದನಿಯಲ್ಲಿ ಕೂಗಬಾರದು” ಅಂತ ಚಿಕ್ಕಪ್ಪ ತಾವೇ ಮೀಟರ್ ಹಿಡಿದು ಇನ್ನೊಮ್ಮೆ ನೋಡಿದರು.

ಬ್ಯಾಟರಿ 12 ವೋಲ್ಟ್, 14 ಆಂಪಿಯರ್-ಅವರ್, ಹೊಸದು. ಇಲ್ಲಿ ಒಂದು ಮಾತು ಗಮನಿಸಿ. ಈ ಎಂಜಿನ್ನಿನಲ್ಲಿ ಬ್ಯಾಟರಿ ಸೋತಿರುವಾಗ ಸೆಲ್ಫ್ ಒತ್ತಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಪೆಟ್ಟು ಸೆಲ್ಫ್ ಮೋಟಾರನ್ನು ಎಂಜಿನ್ನಿಗೆ ಒಂದೇ ದಿಕ್ಕಿನಲ್ಲಿ ಜೋಡಿಸುವ ಒಳಗಿನ ಸ್ಪ್ರ್ಯಾಗ್ ಕ್ಲಚ್ಚಿಗೆ ಬೀಳುತ್ತದೆ. ಅದು ಹೋದರೆ ಎಂಜಿನ್ ಎಡಗಡೆ ಬಿಚ್ಚಬೇಕು, ದುಬಾರಿ ಕೆಲಸ. ಚಳಿಯ ಬೆಳಿಗ್ಗೆ ಸೆಲ್ಫ್ ಎಳೆಯುತ್ತಾ ಇದ್ದರೆ ಬಿಟ್ಟುಬಿಡಿ, ಕಿಕ್ಕರ್ ಇದೆ.

ಮೊದಲ ಸ್ಟಾರ್ಟ್ ಕಿಕ್ಕರಿನಲ್ಲೇ ಮಾಡಿದೆವು. ಮೊದಲು ವಾಲ್ವ್ ಎತ್ತುವ ಟ್ಯಾಪೆಟ್ ಟಿಕ್ ಟಿಕ್ ಅಂದಿತು. ಇದರಲ್ಲಿರುವುದು ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ತುಂಬಿಕೊಳ್ಳಲು ಸಮಯ ಬೇಕು. ಸ್ವಲ್ಪ ಹೊತ್ತಿಗೆ ಶಬ್ದ ಅಡಗಿತು. ಆ ಆಯಿಲನ್ನು ಬಿಸಿಯಿದ್ದಾಗಲೇ ಬಸಿದು, ಒಳಗಿನ ತೇವ ಪೂರ್ತಿ ಹೋಗಲಿ ಅಂತ ಮತ್ತೆ ಹೊಸ 15ಡಬ್ಲ್ಯೂ-50 ಹಾಕಿದೆ. ಎಂಜಿನ್ ವೇಗ ಏರಿಸಿ ಬ್ಯಾಟರಿ ತುದಿಯಲ್ಲಿ ಅಳೆದರೆ 14 ವೋಲ್ಟಿಗಿಂತ ಸ್ವಲ್ಪ ಮೇಲೆ. ಚಾರ್ಜಿಂಗ್ ಸರಿಯಿದೆ. ಐಡ್ಲಿಂಗನ್ನು ಎಂಜಿನ್ ಚೆನ್ನಾಗಿ ಕಾದ ಮೇಲೆ ಮಡಿಕೇರಿಯಲ್ಲೇ ಹೊಂದಿಸಿದೆ. ಇಲ್ಲಿ ಸುಮಾರು 1,150 ಮೀಟರ್ ಎತ್ತರ, ಗಾಳಿ ಸ್ವಲ್ಪ ತೆಳು.

ದೂರದ ದಾರಿಗೆ ಸೇರಿಸಿದ್ದು

ಎರಡೂ ಪಕ್ಕ ಡಬ್ಬ ಕೂರಿಸುವ ಲಗೇಜ್ ಸ್ಟ್ಯಾಂಡ್ ಕುಶಾಲನಗರದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ.

“ಅಣ್ಣ, ಎರಡೂ ಡಬ್ಬ ಸೇರಿ ಹ್ಯಾಂಡಲ್‌ಗಿಂತ ಅಗಲ ಬೇಡ” ಅಂದೆ.

“ಹಾಗಾದ್ರೆ ಸೈಲೆನ್ಸರ್ ಕಡೆ ಡಬ್ಬ ಸಣ್ಣದಾಗ್ತದೆ, ಆಗ್ಬೋದಾ?” ಅಂತ ಕೇಳಿದರು.

ಆಗಬಹುದು ಅಂದೆ. ನಮ್ಮ ಕಿರಿದಾದ ತಿರುವಿನಲ್ಲಿ ಎದುರಿಗೆ ಬಸ್ ಬಂದರೆ ಹ್ಯಾಂಡಲ್ ತೂರಿದ ಜಾಗದಲ್ಲಿ ಡಬ್ಬವೂ ತೂರಬೇಕು. ಭಾರ ಹಿಂದಿನ ಚಕ್ರದ ಅಚ್ಚಿನಿಂದ ಹಿಂದಕ್ಕೆ ಹೋಗದಂತೆ, ಆದಷ್ಟು ಕೆಳಗೆ ಕೂರಿಸಿದೆವು. ಹಿಂದೆ ಭಾರ ಜಾಸ್ತಿಯಾದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ಸ್ಟ್ಯಾಂಡಿನ ಕೊಳವೆಗಳ ಕೆಳತುದಿಯನ್ನು ಮುಚ್ಚದೆ ಬಿಟ್ಟು, ಮೇಲಿನ ತುದಿ ವೆಲ್ಡ್ ಮಾಡಿಸಿದೆ. ನೀರು ಹೋದರೂ ನಿಲ್ಲುವುದಿಲ್ಲ. ಫ್ರೇಮ್ ಎಲ್ಲೂ ಕತ್ತರಿಸಲಿಲ್ಲ, ಫ್ರೇಮಿಗೆ ವೆಲ್ಡ್ ಹೊಡೆಸಲಿಲ್ಲ. ಇದ್ದ ಬೋಲ್ಟ್ ಜಾಗಗಳಿಗೇ ಕಟ್ಟಿದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ರಚನೆ ಬದಲಾಯಿಸುವಂತಿಲ್ಲ. ಕಾನೂನಿನ ಮಾತು ಬದಿಗಿಟ್ಟರೂ, ಫ್ರೇಮ್ ಕತ್ತರಿಸಿದ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯಲು ನನಗೆ ಮನಸ್ಸು ಬರುವುದಿಲ್ಲ.

ಸೀಟಿನ ಸ್ಪಂಜು ಗಟ್ಟಿ ಜಾತಿಯದ್ದು ಹಾಕಿಸಿದೆ. ಮಳೆಯಲ್ಲಿ ರೆಕ್ಸಿನ್ನಿನ ಹೊಲಿಗೆಯ ತೂತಿನಿಂದ ನೀರು ಇಳಿದು ಸ್ಪಂಜು ದಿನಗಟ್ಟಲೆ ಒದ್ದೆ ಉಳಿಯುತ್ತದೆ. ರೆಕ್ಸಿನ್ ಅಡಿಗೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಲು ಹೇಳಿದೆ, ಹೊಲಿಗೆಯ ಗೆರೆಗಳು ಕುಳಿತುಕೊಳ್ಳುವ ಜಾಗದಿಂದ ದೂರ ಇರುವಂತೆ ಮಾಡಿಸಿದೆ. ಗಾಳಿ ತಡೆಯುವ ಗ್ಲಾಸು ಗಲ್ಲದ ಎತ್ತರಕ್ಕೆ ಮಾತ್ರ. ಅದರ ಮೂಲಕ ನೋಡಬೇಕಾದಷ್ಟು ಎತ್ತರ ಇದ್ದರೆ ಮಳೆಹನಿ, ಮಂಜು ಸೇರಿ ರಸ್ತೆಯೇ ಕಾಣುವುದಿಲ್ಲ.

ಮಂಜಿಗೆ ಎರಡು ಹಳದಿ ದೀಪ, ಎಂಜಿನ್ನಿನ ಮುಂದೆ ಕೆಳಗೆ. ಮೇಲಿರುವ ದೀಪದ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಒಂದೊಂದು 20 ವ್ಯಾಟ್, ಒಟ್ಟು 40. 12 ವೋಲ್ಟಿಗೆ ಭಾಗಿಸಿದರೆ ಸುಮಾರು 3.3 ಆಂಪಿಯರ್. 5 ಆಂಪಿಯರ್ ಫ್ಯೂಸ್, ಒಂದು ರಿಲೇ, ಬೇರೆ ಸ್ವಿಚ್. ರಿಲೇಯನ್ನು ಇಗ್ನಿಷನ್ನಿಗೆ ಕಟ್ಟಿದ್ದರಿಂದ ಕೀ ತೆಗೆದರೆ ದೀಪವೂ ಆಫ್. ಊರೊಳಗೆ ಬಂದಾಗ ನಾನೇ ಆರಿಸುತ್ತೇನೆ. ಎದುರಿನವರ ಕಣ್ಣಿಗೆ ಹೊಡೆಯಬಾರದು.

ಸೈಲೆನ್ಸರ್ ಕಂಪನಿಯದ್ದೇ ಉಳಿಸಿಕೊಂಡೆ. ಶಬ್ದದ ಸೈಲೆನ್ಸರ್ ಹಾಕು ಅಂತ ಸ್ನೇಹಿತರು ಬಹಳ ಹೇಳಿದರು. ಸಿದ್ದಾಪುರ, ತಿತಿಮತಿ ಕಡೆ ಸಂಜೆ ಓಡಾಡುವವರಿಗೆ ಗೊತ್ತು. ರಸ್ತೆಯ ಪಕ್ಕ ಬಿದಿರು ಮುರಿಯುವ ಸದ್ದು ಕಿವಿಗೆ ಬೀಳಬೇಕು. ಆನೆ ಇದೆ ಎನ್ನುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಕಾಗದದ ಕೆಲಸವನ್ನು ಕೊನೆಗೆ ಬಿಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30 ಎರಡಕ್ಕೂ ಮಾರುವವರ ಸಹಿ ಬೈಕ್ ತರುವ ದಿನವೇ ಹಾಕಿಸಿಕೊಂಡೆ. ಇನ್ಶೂರೆನ್ಸ್ ಕೂಡ ಹೆಸರಿಗೆ ಮಾಡಿಸಿ, ಹೊಗೆ ತಪಾಸಣೆ ಮುಗಿಸಿಯೇ ರಸ್ತೆಗೆ ಇಳಿಸಿದ್ದು. ನೋಂದಣಿ 15 ವರ್ಷಕ್ಕೆ, ಅಂದರೆ 2028ರಲ್ಲಿ ಮತ್ತೆ ನವೀಕರಣ ಬರುತ್ತದೆ. ಅದನ್ನೂ ಬೆಲೆ ಮಾತಾಡುವಾಗ ಲೆಕ್ಕಕ್ಕೆ ಹಿಡಿದಿದ್ದೆ.

ಮಳೆಯ ಪರೀಕ್ಷೆ

ಬೇಸಿಗೆಯಲ್ಲಿ ಸೋಮವಾರಪೇಟೆ, ಭಾಗಮಂಡಲ ಅಂತ ಹತ್ತಿರದ ಓಡಾಟ ಮಾಡಿದೆ. ಹೊಸ ಸ್ಪೋಕ್‌ಗಳು ಕೂತು ಸ್ವಲ್ಪ ಸಡಿಲವಾದವು. ಪಾನಾದಿಂದ ಒಂದೊಂದನ್ನೂ ತಟ್ಟಿ, ದನಿ ಮಂದ ಬಂದದ್ದನ್ನು ಬಿಗಿ ಮಾಡಿದೆ. ಕೋನ್ ಸೆಟ್ಟನ್ನೂ ಒಮ್ಮೆ ಬಿಗಿಯಬೇಕಾಯಿತು. ಹೊಸದು ಹಾಕಿದ ಮೇಲೆ ಇದು ಸಹಜ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು 90 ನಂಬರ್ ಗೇರ್ ಆಯಿಲ್ ಹಚ್ಚುತ್ತೇನೆ. ಮಳೆಯಲ್ಲಿ ಓಡಿಸಿ ಬಂದ ದಿನ ರಾತ್ರಿಯೇ ಹಚ್ಚುವುದು, ಮರುದಿನಕ್ಕೆ ಬಿಡುವುದಿಲ್ಲ.

ಜೂನ್ ಬಂತು, ಮಳೆ ಹಿಡಿಯಿತು. ಸಂಪಾಜೆ ಇಳಿದು ಸುಳ್ಯ ದಾಟಿ ಪುತ್ತೂರಿನವರೆಗೆ ಹೋಗಿ, ಅದೇ ದಿನ ಹತ್ತಿ ಬಂದೆ. ಹೋಗುವಾಗಲೂ ಬರುವಾಗಲೂ ಮಳೆ. ಎಂಜಿನ್ ಎಲ್ಲೂ ಮಿಸ್ ಹೊಡೆಯಲಿಲ್ಲ. ಬ್ರೇಕ್ ಲಿವರ್ ಘಾಟಿ ಮುಗಿಯುವವರೆಗೂ ಒಂದೇ ಜಾಗದಲ್ಲಿ ನಿಂತಿತು.

ಮನೆಗೆ ಬಂದ ಕೂಡಲೇ ಒಣಗಲು ಬಿಡದೆ ಬಿಚ್ಚಿ ನೋಡಿದೆ. ಹೆಡ್‌ಲೈಟ್ ಹಿಂದಿನ ಕನೆಕ್ಟರುಗಳು ಒಣ. ಸೀಟ್ ಅಡಿಯ ಫ್ಯೂಸ್ ಡಬ್ಬ ಒಣ. ಏರ್ ಫಿಲ್ಟರ್ ಒಣ. ಹಿಂದಿನ ಎಡಗಡೆ ಇಂಡಿಕೇಟರಿನ ಗಾಜಿನೊಳಗೆ ಮಾತ್ರ ನೀರು ಕೂತಿತ್ತು. ಡಬ್ಬದ ಸ್ಟ್ಯಾಂಡಿನಿಂದ ಹಾರಿದ ನೀರು ನೇರ ಅದರ ಸಂದಿಗೆ ಹೊಡೆಯುತ್ತದೆ. ಸೀಲಂಟ್ ಹಾಕಿ ಪೂರ್ತಿ ಮುಚ್ಚಲಿಲ್ಲ, ಮುಚ್ಚಿದರೆ ಒಳಗೆ ಹೋದ ತೇವ ಅಲ್ಲೇ ಉಳಿಯುತ್ತದೆ. ತಳದಲ್ಲಿ 2 ಮಿಲಿಮೀಟರ್ ತೂತು ಕೊರೆದೆ. ಮುಂದಿನ ಮಳೆಗೆ ಬಲ್ಬಿನ ಹೋಲ್ಡರ್ ಒಣಗಿಯೇ ಇತ್ತು. ಈಗ ಬಲಗಡೆಯದಕ್ಕೂ ಅದೇ ತೂತು ಹಾಕಿದ್ದೇನೆ.